ಪಂಕಜಾಳ ಕೈಗುಣ

ತಮ್ಮ ವೆಂಕಟಸ್ವಾಮಿ ತಲಘಟ್ಟಪುರದಿಂದ ಸೈಕಲ್ ತುಳಿದುಕೊಂಡು ಬಂದು, ಹಿತ್ತಿಲಲ್ಲಿ ಬುಟ್ಟಿ ಇಳಿಸಿ ಮುಚ್ಚಳ ತೆಗೆದಾಗ ನನಗೆ ಸಂತೋಷವಾಗಬೇಕಿತ್ತು. ಒಳಗಿದ್ದ ಗಂಡು ಬಾತುಕೋಳಿ ಕತ್ತು ಚಾಚಿ ನನ್ನನ್ನೇ ನೋಡಿತು.

"ಗಂಡು ಬಾತು ಸತ್ತೋಯ್ತು ಅಂದಿದ್ಯಲ್ಲಕ್ಕ, ತಗೋ. ನಿನ್ನ ನಾಲ್ಕು ಹೆಣ್ಣಿಗೆ ಇದೊಂದು ಸಾಕು, ಇನ್ನು ಮರಿ ಆಗ್ತವೆ," ಅಂದ.

"ಮೆಲ್ಲಗೆ ಮಾತಾಡೋ, ಪಕ್ಕದ ಮನೆಗೆ ಕೇಳಿಸುತ್ತೆ!" ಅಂತ ಗದರಿ ಮುಚ್ಚಳ ಹಾಕಿಬಿಟ್ಟೆ. ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ಮುಖ ನನಗಿರಲಿಲ್ಲ.

ಈಗ ಹೇಳುತ್ತೇನೆ, ಇನ್ನು ಮುಚ್ಚಿಟ್ಟುಕೊಂಡು ಆಗಬೇಕಾದ್ದೇನಿದೆ. ಅದು ಎಪ್ಪತ್ತಾರನೇ ಇಸವಿ. ಬನಶಂಕರಿ ಬಡಾವಣೆಗೆ ನಮ್ಮ ಹೊಲ ಹೋಗಿ, ಹೊಸಕೆರೆಹಳ್ಳಿಯ ಮನೆ, ಹಿತ್ತಿಲು, ಅದರಾಚೆಯ ಕೆರೆ ಉಳಿದಿತ್ತು. ಬೇಸಿಗೆಗೆ ಮುಂಚೆ ರೋಗ ಬಂದು ನಮ್ಮ ಕೋಳಿಗಳೆಲ್ಲ ಸತ್ತವು. ಉಳಿದದ್ದು ಐದು ಬಾತು, ನಾಲ್ಕು ಹೆಣ್ಣು, ಒಂದು ಗಂಡು. ಬಾತಿನ ವಿಷಯ ಏನೇ ಇದ್ದರೂ ಬೀದಿಯವರು ಈ ನಾರಾಯಣಮ್ಮನನ್ನೇ ಕೇಳಬೇಕು. ಆ ಜಂಬ ನನಗೆ ಒಂದು ಕೈ ಜಾಸ್ತಿಯೇ ಇತ್ತು.

ಮಗಳು ಜಯಾಳ ಮದುವೆಯಾದ ಮೇಲೆ ಅದು ಮೊದಲ ಯುಗಾದಿ. ಮರುದಿನ ವರ್ಷತೊಡಕು. ಹೊಸ ಅಳಿಯ ಬಂದು ಕೂತಿದ್ದಾನೆ, ಬಾಡೂಟ ಆಗಲೇಬೇಕು. ಬೆಳಗಿನಿಂದ ಮಟನ್ ಅಂಗಡಿ ಮುಂದೆ ನಿಂತಿದ್ದ ನಮ್ಮ ಯಜಮಾನರು ಮಧ್ಯಾಹ್ನ ಬರಿಗೈಲಿ ಬಂದರು. ನಾನು ಹಿಂದುಮುಂದು ನೋಡದೆ ಗಂಡು ಬಾತನ್ನು ಕುಯ್ಯಿಸಿ, ನಾಟಿ ಕೋಳಿ ಸಾರು ಅಂತ ಬಡಿಸಿದೆ. ಅಳಿಯ ಎರಡು ಸಲ ಹಾಕಿಸಿಕೊಂಡ. ಪಕ್ಕದ ಮನೆ ಅಂಕಮ್ಮ, "ಕೋಳಿ ಎಲ್ಲಿತ್ತಕ್ಕ?" ಅಂದಿದ್ದಕ್ಕೆ, ತಮ್ಮ ಕೊಟ್ಟಿದ್ದು ಅಂದೆ. ಹೊಸ ಅಳಿಯನಿಗೆ ಬಾತು ತಿನ್ನಿಸಿದರು ಅಂತ ಬೀಗರು ಆಡಿಕೊಳ್ಳುತ್ತಾರೆ ಎಂಬ ಭಯ.

ಕಾರ ಹುಣ್ಣಿಮೆ ಹೊತ್ತಿಗೆ ಅಂಕಮ್ಮನ ಕೋಳಿ ಕಾವಿಗೆ ಬಂತು. "ಈ ಸಲ ನಿಮ್ಮ ಬಾತು ಮೊಟ್ಟೆ ಇಡೋಣ ಕಣಕ್ಕ, ಮರಿ ಇಬ್ಬರಿಗೂ ಅರ್ಧ ಅರ್ಧ," ಅಂದಳು. ಗಂಡಿಲ್ಲದೆ ಮರಿ ಆಗುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬೇಡ ಅಂದರೆ ಗಂಡು ಎಲ್ಲಿ ಅಂತ ಕೇಳುತ್ತಾಳೆ, ಸಾರಿನ ಗುಟ್ಟು ಹೊರಬೀಳುತ್ತದೆ. ಹನ್ನೊಂದು ಮೊಟ್ಟೆ ಕೊಟ್ಟೆ.

ಕಾವಿಗೆ ಮೊಟ್ಟೆ ಇಡುವುದಕ್ಕೆ ಕೈಗುಣ ನೋಡುತ್ತಾರೆ. ಮಕ್ಕಳೊಂದಿಗರೇ ಇಡುವುದು ನಮ್ಮಲ್ಲಿ ವಾಡಿಕೆ. ಅಂಕಮ್ಮ ನನ್ನನ್ನೇ ಕರೆದಳು. ಕೆಟ್ಟ ಹೆಸರು ನನ್ನ ಕೈಗೆ ಬರಬಾರದು ಅಂತ ನಾನು, "ನಿನ್ನ ಸೊಸೆ ಪಂಕಜಾ ಇಡಲಿ ಬಿಡು, ಅವಳಿಗೂ ಒಳ್ಳೇದಾಗಲಿ," ಅಂದುಬಿಟ್ಟೆ. ಮದುವೆಯಾಗಿ ಆರು ವರ್ಷವಾದರೂ ಮಕ್ಕಳಾಗದ ಹುಡುಗಿ. ಇಂಥದಕ್ಕೆ ಅವಳನ್ನು ಯಾರೂ ಕರೆದವರಲ್ಲ. ಕೈಕಾಲು ತೊಳೆದು ಬಂದು, ಬುಟ್ಟಿಗೆ ಹೊಟ್ಟು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಕಬ್ಬಿಣದ ಮೊಳೆ, ಇದ್ದಿಲು ಇಟ್ಟು, ಒಂದೊಂದಾಗಿ ಮೊಟ್ಟೆ ಜೋಡಿಸಿದಳು. ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಇಪ್ಪತ್ತೆಂಟು ದಿನ ಆ ಕೋಳಿ ಕೂತು ಕೂತು ಸೊರಗಿತು. ಕೊನೆಗೆ ಒಡೆದು ನೋಡಿದರೆ ಹನ್ನೊಂದರಲ್ಲೂ ನಾರುವ ನೀರು. ಅಂಕಮ್ಮ ಸೊಸೆಯ ಕೈ ನೋಡಿದಳು. ಅಷ್ಟು ಸಾಕಾಯಿತು. ಅವರೆ ಬೀಜ ಊರುವುದಕ್ಕೂ ಪಂಕಜಾಳನ್ನು ಬಿಡಲಿಲ್ಲ. ಜಯಾಳ ಸೀಮಂತದ ದಿನ ಬೀದಿಯ ಹೆಂಗಸರೆಲ್ಲ ನಡುಮನೆಯಲ್ಲಿ ಆರತಿ ಎತ್ತುತ್ತಿದ್ದರೆ, ಅವಳು ಅಡುಗೆಮನೆಯಲ್ಲಿ ಒಬ್ಬಳೇ ಕಾಯಿ ತುರಿಯುತ್ತಿದ್ದಳು. ಕರೆಯೋಣ ಅಂತ ಎರಡು ಸಲ ಬಾಗಿಲವರೆಗೆ ಹೋದೆ, ಎರಡು ಸಲವೂ ತಿರುಗಿ ಬಂದೆ.

ಇಷ್ಟೆಲ್ಲ ಆದ ಮೇಲೆ ತಮ್ಮ ತಂದ ಈ ಗಂಡು ಬಾತು. ಅಂಕಮ್ಮನ ಕೋಳಿ ಮತ್ತೆ ಕಾವಿಗೆ ಬರುವಂತಿತ್ತು. ಈ ಸಲ ನಮ್ಮ ಬಾತು ಮೊಟ್ಟೆಯನ್ನು ಎದುರು ಮನೆ ರುದ್ರಮ್ಮನ ಕೈಲಿ ಇಡಿಸುವುದು ಅಂತ ಮಾತಾಗಿತ್ತು. ಬಾತು ಇಟ್ಟುಕೊಂಡರೆ ರುದ್ರಮ್ಮನ ಕೈಲಿ ಮರಿ ಆಗುತ್ತವೆ, ಪಂಕಜಾಳ ಕೈ ಕೆಟ್ಟದ್ದು ಅಂತ ಸಾಬೀತಾಗುತ್ತದೆ. ವಾಪಸ್ ಕಳಿಸಿದರೆ ರುದ್ರಮ್ಮನ ಕೈಲೂ ಮರಿ ಆಗುವುದಿಲ್ಲ, ಆಗ ಗಂಡು ಎಲ್ಲಿ ಅಂತ ಕೇಳಿ ನನ್ನ ಸುಳ್ಳು ಬಯಲಾಗುತ್ತದೆ. ನಿಜ ಹೇಳುವುದೊಂದು ಬಿಟ್ಟು ಉಳಿದದ್ದೆಲ್ಲ ಯೋಚಿಸಿದೆ. ಕೊನೆಗೆ ಒಂದು ಉಪಾಯ ಹೊಳೆಯಿತು. ಬಾತು ಇರಲಿ, ಮೊಟ್ಟೆಯನ್ನು ಪಂಕಜಾಳ ಕೈಲೇ ಇಡಿಸಿದರೆ ಅವಳ ಹೆಸರೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ. ತಮ್ಮನಿಗೆ ಬಿಟ್ಟು ಹೋಗು ಅಂದೆ.

ಮೂರು ವಾರ ಕಳೆಯಿತು, ಅಂಕಮ್ಮನ ಕೋಳಿ ಕಾವಿಗೆ ಬಂತು. ಒಂದು ಬೆಳಿಗ್ಗೆ ಬೀದಿ ನಲ್ಲಿಗೆ ನೀರು ಬಂದು, ಅಂಕಮ್ಮ, ರುದ್ರಮ್ಮ ಕೊಡ ಹಿಡಿದು ಹೋದದ್ದು ನೋಡಿ ಪಂಕಜಾಳನ್ನು ಹಿತ್ತಿಲಿಗೆ ಕರೆದೆ. ಹನ್ನೊಂದು ಮೊಟ್ಟೆಯ ಬುಟ್ಟಿ ಕೈಗಿಟ್ಟು, "ಈ ಸಲವೂ ನೀನೇ ಇಡಮ್ಮ. ನಿಮ್ಮತ್ತೆಗೆ ನಾನು ಹೇಳ್ತೀನಿ," ಅಂದೆ.

ಅವಳು ಹಿತ್ತಿಲಲ್ಲಿ ಓಡಾಡುತ್ತಿದ್ದ ಬಾತುಗಳ ಕಡೆ ನೋಡಿದಳು.

"ಬಾಲದಲ್ಲಿ ಸುರುಳಿ ಗರಿ ಇರೋ ಆ ಗಂಡು ಹೊಸದು ಅಲ್ವಾ ದೊಡ್ಡಮ್ಮ? ಹಳೇದರ ಗರಿ ವರ್ಷತೊಡಕಿನ ಸಾಯಂಕಾಲ ನಿಮ್ಮ ತಿಪ್ಪೇಲಿ ನೋಡಿದ್ದೆ. ನಮ್ಮಪ್ಪನ ಮನೇಲೂ ಬಾತು ಸಾಕ್ತಿದ್ರು."

ನಾನು ಕೇಳಿದೆ, "ಮತ್ತೆ ಅವತ್ತು ಯಾಕೆ ಇಟ್ಟೆ?"

"ನೀವು ಕೊಟ್ರಲ್ಲ, ಮೊಟ್ಟೆ ಬೇರೆ ಕಡೆಯಿಂದ ತಂದಿರ್ತೀರ ಅಂದ್ಕೊಂಡೆ. ಒಡೆದಾಗ ಗೊತ್ತಾಯ್ತು."

"ನಿಮ್ಮತ್ತೆಗೆ ಹೇಳಬಾರದಿತ್ತಾ?"

"ನಾನು ಹೇಳಿದ್ರೆ ಯಾರು ನಂಬ್ತಾರೆ? ನೀವೇ ಹೇಳ್ತೀರ ಅಂತ ಕಾದೆ. ಸೀಮಂತದ ದಿನ ಅಡುಗೆಮನೆ ಬಾಗಿಲಿಗೆ ಎರಡು ಸಲ ಬಂದ್ರಲ್ಲ, ಆಗ್ಲೂ ಕಾದೆ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ಮುಖ ನೋಡಲಾಗದೆ ಸೀದಾ ನಲ್ಲಿಯ ಹತ್ತಿರ ಹೋದೆ.

"ಅಂಕಮ್ಮ, ವರ್ಷತೊಡಕಿಗೆ ಅಳಿಯನಿಗೆ ಬಡಿಸಿದ್ದು ಕೋಳಿ ಅಲ್ಲ, ನಮ್ಮ ಗಂಡು ಬಾತು. ನಿನಗೆ ಕೊಟ್ಟ ಮೊಟ್ಟೇಲಿ ಮರಿ ಆಗೋ ಹಾಗೇ ಇರ್ಲಿಲ್ಲ," ಅಂದೆ.

ರುದ್ರಮ್ಮ ಕಿಸಕ್ಕನೆ ನಕ್ಕಳು. ಅಂಕಮ್ಮ ನಗಲಿಲ್ಲ. ಅವಳ ಕೊಡ ತುಂಬಿ ನೀರು ಹೊರಗೆ ಸುರಿಯುತ್ತಿತ್ತು.

"ಗೊತ್ತಿದ್ದೇ ನನ್ನ ಸೊಸೆ ಕೈಲಿ ಇಡಿಸಿದ್ಯಾ?"

"ಹೂಂ," ಅಂದೆ.

ವಾಪಸ್ ಹಿತ್ತಿಲಿಗೆ ಬಂದಾಗ ಪಂಕಜಾ ಇರಲಿಲ್ಲ. ಬುಟ್ಟಿಯನ್ನು ನನ್ನ ಬಾಗಿಲ ಮುಂದೆ ಇಟ್ಟು ಹೋಗಿದ್ದಳು. ಹನ್ನೊಂದು ಮೊಟ್ಟೆಯೂ ಹಾಗೇ ಇದ್ದವು.