ತುಂಬಿದ ಟ್ಯಾಂಕು

ಜಾನಪದ ಸಂಗೀತ ಉತ್ಸವದ ಎರಡನೆಯ ದಿನ. ಕುರ್ಚಿಗಳ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ, ಆಗಲೇ ಟೇಪಣ್ಣ ಏಣಿ ಹತ್ತಿ, ನೀರಿನ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದ. ಅವನ ನಿಜವಾದ ಹೆಸರು ಮೈದಾನದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೊಂಟಕ್ಕೆ ಸದಾ ಅಳತೆಯ ಟೇಪು ಸಿಕ್ಕಿಸಿಕೊಂಡು ಓಡಾಡುವವನಿಗೆ ಬೇರೆ ಹೆಸರಾದರೂ ಯಾಕೆ ಬೇಕು? ಯಾವ ವೇದಿಕೆ ಎಲ್ಲಿ ನಿಲ್ಲಬೇಕು, ಕುಡಿಯುವ ನೀರಿನ ಡ್ರಮ್ಮುಗಳು ಎಲ್ಲಿ, ಪ್ರಥಮ ಚಿಕಿತ್ಸೆಯ ಡೇರೆ ಎಲ್ಲಿ, ಬಂದವರ ಗಾಡಿಗಳು ಎಲ್ಲಿ, ಎಲ್ಲವನ್ನೂ ಹನ್ನೊಂದು ವರ್ಷದಿಂದ ಸುಣ್ಣದ ಪುಡಿ ಚೆಲ್ಲಿ ಗುರುತು ಹಾಕುತ್ತಿದ್ದವನು ಅವನೇ.

ಗಂಡಸರ ಶೌಚಾಲಯದ ಟ್ಯಾಂಕನ್ನು ಅವನು ಆಗಲೇ ನೋಡಿ ಬಂದಿದ್ದ. ಅದರ ತಳದಲ್ಲಿ ಒಂದು ಗೇಣು ನೀರು ಉಳಿದಿತ್ತು. ಹೆಂಗಸರ ಕಡೆಯದು ಮಾತ್ರ ನಿನ್ನೆ ತುಂಬಿಸಿದ ಹಾಗೇ ಇತ್ತು. ಟೇಪು ಇಳಿಬಿಟ್ಟು ನೋಡಿದ, ನಾಲ್ಕು ಬೆರಳೂ ಇಳಿದಿಲ್ಲ.

"ನೋಡಿದ್ಯಾ?" ಎಂದ, ಕೆಳಗೆ ಬಕೆಟ್ ಹಿಡಿದು ನಿಂತಿದ್ದ ಕ್ಲೀನಿಂಗ್ ಕೆಲಸದಾಕೆಗೆ. "ಹೆಂಗಸರಿಗೆ ಎರಡು ಕೋಣೆ ಸಾಕೇ ಸಾಕು. ಮೊದಲನೇ ವರ್ಷ ಎಂಟು ಇಟ್ಟು ಸುಮ್ನೆ ಜಾಗ ಹಾಳು ಮಾಡಿದ್ದೆ."

ಆಕೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಟೇಪಣ್ಣ ಏಣಿಯಿಳಿದು ಹೊರಟೇಬಿಟ್ಟಿದ್ದ.

ಪಾಪ, ಮನುಷ್ಯ ಕೆಟ್ಟವನಲ್ಲ. ಯಾವ ಟ್ಯಾಂಕು ಬೇಗ ಬರಿದಾಗುತ್ತದೋ ಆ ಕಡೆ ಮುಂದಿನ ವರ್ಷ ಕೋಣೆ ಹೆಚ್ಚಿಸುವುದು, ಯಾವುದು ತುಂಬಿಯೇ ಇರುತ್ತದೋ ಆ ಕಡೆ ತಗ್ಗಿಸುವುದು, ಇದು ಅವನ ಲೆಕ್ಕಾಚಾರ. ಹಾಗೆ ತಗ್ಗಿಸುತ್ತಾ ಹೆಂಗಸರ ಎಂಟು ಕೋಣೆ ಆರಾಗಿ, ನಾಲ್ಕಾಗಿ, ಈ ಸಲ ಎರಡಕ್ಕೆ ಬಂದಿತ್ತು. ಹೆಂಗಸರಿಗೆ ಮರೆ ಬೇಕಲ್ಲವೇ ಎಂಬ ಒಳ್ಳೆಯ ಮನಸ್ಸಿನಿಂದಲೇ ಅವನ್ನು ಜನರೇಟರ್ ಲಾರಿಯ ಆಚೆ, ಮೈದಾನದ ಕೊನೆಗೆ ಸರಿಸಿದ್ದ. ಮುಖ್ಯ ವೇದಿಕೆಯಿಂದ ಅಲ್ಲಿಗೆ ಒಂಬೈನೂರು ಅಡಿ. ಒಬ್ಬರಾದರೂ ದೂರು ಕೊಟ್ಟಿರಲಿಲ್ಲ. ಆ ಮಾತನ್ನು ಅವನು ಸಮಿತಿಯ ಸಭೆಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದ.

ಆ ದಿನವಂತೂ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅವನ ಅಕ್ಕನ ತಂಡಕ್ಕೆ ಮೊದಲ ಸಲ ಮುಖ್ಯ ವೇದಿಕೆ ಸಿಕ್ಕಿತ್ತು. ಅಕ್ಕ ಬಟ್ಟೆ ಹೊಲಿಯುವ ಅಂಗಡಿ ಇಟ್ಟವಳು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಹನ್ನೆರಡು ಹೆಂಗಸರ ಆ ತಂಡದಲ್ಲಿ ಹಾಡಿನ ಮೊದಲ ಸಾಲು ಎತ್ತುವವಳು ಅವಳೇ, ಉಳಿದವರು ಹಿಂದೆ ಹಿಡಿಯುತ್ತಾರೆ. ಹನ್ನೊಂದು ವರ್ಷ ಮೈಕಿಲ್ಲದೆ, ಮರದ ಕೆಳಗಿನ ಚಿಕ್ಕ ಗೋಷ್ಠಿಯಲ್ಲಿ ಹಾಡಿಕೊಂಡಿದ್ದವರಿಗೆ ಈ ಸಲ ಸಂಜೆ ಐದಕ್ಕೆ ದೊಡ್ಡ ವೇದಿಕೆ, ದೊಡ್ಡ ಮೈಕು, ಮೂರು ಸಾವಿರ ಜನ.

ಬೆಳಗಿನ ಗೋಷ್ಠಿ ಎಂದಿನಂತೆ ಮರದ ಕೆಳಗೇ ನಡೆಯಿತು. ಬಿಸಿಲು ಏರಿತ್ತು. ಬೀಸುವ ಹಾಡು ಮುಗಿಸಿ ತೊಟ್ಟಿಲ ಹಾಡಿನ ಮೊದಲ ಸಾಲು ಎತ್ತಿದ ಅಕ್ಕನ ದನಿ ನಡುವೆ ಒಡೆಯಿತು. ಮತ್ತೆ ಎತ್ತಿದಳು, ಮತ್ತೆ ಒಡೆಯಿತು. ಪಕ್ಕದವಳ ಭುಜ ಹಿಡಿದು ನಿಲ್ಲಲು ನೋಡಿ, ಹಾಗೇ ಕುಸಿದು ಕೂತಳು.

ಟೇಪಣ್ಣ ಓಡಿಬರುವ ಹೊತ್ತಿಗೆ ಅವಳನ್ನು ಪ್ರಥಮ ಚಿಕಿತ್ಸೆಯ ಡೇರೆಯಲ್ಲಿ ಮಲಗಿಸಿದ್ದರು. ತುಟಿ ಬಿರಿದಿತ್ತು, ಕಾಲಿನ ಮೀನಖಂಡ ಹಿಡಿದುಕೊಂಡು ನೋವಿಗೆ ಮುಖ ಕಿವಿಚಿಕೊಂಡಿದ್ದಳು. ನರ್ಸಮ್ಮ ಮಣಿಕಟ್ಟು ಹಿಡಿದು ನಾಡಿ ನೋಡುತ್ತಿದ್ದರು.

"ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದ್ರಿ?"

"ಬಾಯಿ ಒದ್ದೆ ಮಾಡ್ಕೊಂಡೆ."

"ಕುಡಿದದ್ದು ಎಷ್ಟು ಅಂತ ಕೇಳಿದ್ದು."

ಟೇಪಣ್ಣನಿಗೆ ರೇಗಿತು. "ಅಲ್ಲಕ್ಕಾ, ಎಂಟು ಕಡೆ ಡ್ರಮ್ಮು ಇಡ್ಸಿದ್ದೀನಿ! ಐವತ್ತು ಹೆಜ್ಜೆಗೊಂದು! ಹೋಗಿ ಕುಡಿಯೋಕೆ ನಿನಗೇನು ಕಷ್ಟ?"

"ಕುಡಿಯೋಕೆ ಏನೂ ಕಷ್ಟ ಇಲ್ಲ ಕಣೋ" ಎಂದಳು ಅಕ್ಕ. "ಕುಡಿದ ಮೇಲೇ ಕಷ್ಟ."

ಅವನಿಗೆ ಅರ್ಥವಾಗಲಿಲ್ಲ. ಅಕ್ಕ ಮುಖವನ್ನು ಡೇರೆಯ ಬಟ್ಟೆಯ ಕಡೆ ತಿರುಗಿಸಿಕೊಂಡು ಹೇಳಿದಳು.

"ನಿನ್ನ ಮುಂದೆ ಹೇಳೋಕೆ ನಾಚಿಕೆ ಕಣೋ, ಆದ್ರೂ ಕೇಳು. ಉತ್ಸವದ ಹಿಂದಿನ ಸಂಜೆನೇ ನೀರು ನಿಲ್ಲಿಸಿಬಿಡ್ತೀವಿ, ಹನ್ನೆರಡು ಜನಾನೂ. ಹೊಸಬಳೊಬ್ಬಳು ತಂಡಕ್ಕೆ ಸೇರಿದ್ರೆ ಹಾಡು ಕಲಿಸೋಕೆ ಮುಂಚೆ ಇದನ್ನ ಕಲಿಸ್ತೀವಿ. ಹಾಡೋ ದಿನ ಕುಡೀಬೇಡ, ಬಾಯಿ ಒದ್ದೆ ಮಾಡ್ಕೊಂಡು ಉಗುಳು. ಮುಟ್ಟಿನ ದಿನ ಬಿದ್ರೆ ಬರಲೇಬೇಡ. ಇದೇ ನಮ್ಮ ಮೊದಲನೇ ಪಾಠ."

"ಯಾಕೆ? ಕೋಣೆ ಇದೆಯಲ್ಲ? ಟ್ಯಾಂಕಿನ ತುಂಬ ನೀರಿದೆ!"

"ನೀನು ಯಾವತ್ತಾದ್ರೂ ಅಲ್ಲಿಗೆ ಹೋಗಿದ್ಯಾ?"

"ದಿನಾ ಹೋಗ್ತೀನಿ!"

"ಟ್ಯಾಂಕು ನೋಡೋಕೆ ಹೋಗ್ತೀಯ. ಹೆಂಗಸಾಗಿ ಹೋಗಿ ನೋಡು."

ನರ್ಸಮ್ಮ ಅವರ ಮಾತಿನ ನಡುವೆ ಬಾಯಿ ಹಾಕಿದರು. "ಇವರಿಗೆ ಹಿಂದೆ ಮೂತ್ರದ ಸೋಂಕು ಏನಾದ್ರೂ ಆಗಿತ್ತಾ?"

"ಹೋದ ವರ್ಷ ಆಗಿತ್ತು. ಉತ್ಸವ ಮುಗಿದ ಮೇಲೆ ಎಂಟು ದಿನ ಆಸ್ಪತ್ರೆ" ಎಂದಳು ಅಕ್ಕ.

ಆ ಎಂಟು ದಿನವೂ ಟೇಪಣ್ಣ ಆಸ್ಪತ್ರೆಗೆ ಕಿತ್ತಳೆ ಹಣ್ಣು ಕಟ್ಟಿಕೊಂಡು ಹೋಗಿದ್ದ. ಬರೀ ಜ್ವರ ಕಣೋ ಎಂದಿದ್ದಳು.

"ಹಾಗಾದ್ರೆ ನಾನು ಖಡಾಖಂಡಿತವಾಗಿ ಹೇಳಿಬಿಡ್ತೀನಿ" ಎಂದರು ನರ್ಸಮ್ಮ. "ಇವರು ಈಗಿಂದ ನೀರು ಕುಡೀಬೇಕು, ಅದು ಹೊರಗೂ ಹೋಗ್ಬೇಕು. ಇಲ್ದಿದ್ರೆ ಸಂಜೆ ವೇದಿಕೆ ಹತ್ತೋಕೆ ನಾನು ಬಿಡೋಲ್ಲ. ಆಸ್ಪತ್ರೆಗೇ ಕಳಿಸೋದು."

ಅವರು ಚಾಚಿದ ಲೋಟವನ್ನು ಅಕ್ಕ ಕೈಯಿಂದ ಸರಿಸಿದಳು. "ಮೊದಲು ಎಲ್ಲಿಗೆ ಹೋಗ್ಲಿ ಅಂತ ಹೇಳಿ, ಆಮೇಲೆ ಕುಡೀತೀನಿ." ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ತುಂಬಿತು. "ಹನ್ನೊಂದು ವರ್ಷ ಕಾದಿದ್ದೀನಿ ಕಣೋ, ಆ ಮೈಕಿಗೆ."

ಗಂಟೆ ಒಂದಾಗಿತ್ತು. ಟೇಪಣ್ಣ ಡೇರೆಯಿಂದ ಹೊರಬಂದು ಹೆಂಗಸರ ಶೌಚಾಲಯದ ಕಡೆ ನಡೆದ. ಒಂಬೈನೂರು ಅಡಿ ಎಂದು ಕಾಗದದ ಮೇಲೆ ಎಷ್ಟೋ ಸಲ ಬರೆದವನಿಗೆ ಅದು ಬಿಸಿಲಿನಲ್ಲಿ ಎಷ್ಟು ಉದ್ದ ಎಂದು ಅವತ್ತೇ ಗೊತ್ತಾದದ್ದು. ಹೋಗುವ ದಾರಿ ಗಾಡಿ ನಿಲ್ಲಿಸಿದ್ದ ಸಾಲುಗಳ ನಡುವೆ. ಅಲ್ಲಲ್ಲಿ ಗಂಡಸರು ಗುಂಪಾಗಿ ನಿಂತು ಬೀಡಿ ಸೇದುತ್ತಿದ್ದರು. ಜನರೇಟರ್ ಲಾರಿಯ ನೆರಳಿನಲ್ಲಿ ನಾಲ್ವರು ಇಸ್ಪೀಟು ಹರಡಿಕೊಂಡು ಕೂತಿದ್ದರು, ಅವರ ಮುಖ ನೇರ ಆ ಎರಡು ಬಾಗಿಲುಗಳ ಕಡೆಗೆ.

"ಯಾಕ್ರಪ್ಪಾ, ಇಲ್ಲೇ ಕೂತ್ಕೋಬೇಕಾ?" ಎಂದ.

"ಮೆಷಿನ್ ಬಿಟ್ಟು ಎಲ್ಲಿಗೆ ಹೋಗೋದಣ್ಣಾ?" ಎಂದ ಒಬ್ಬ, ನಿಜವಾಗಿಯೂ ಕಕ್ಕಾಬಿಕ್ಕಿಯಾಗಿ. "ಇಡೀ ಮೈದಾನದಲ್ಲಿ ನಮಗೆ ನೆರಳು ಅಂತ ಇರೋದು ಇದೊಂದೇ. ನಾವೇನೂ ಕಣ್ಣೆತ್ತಿ ನೋಡೋರಲ್ಲ. ನೋಡೋಕೆ ಇಲ್ಲಿ ಯಾರಾದ್ರೂ ಬಂದ್ರೆ ತಾನೇ?"

ಅವನ ಮಾತೂ ಸುಳ್ಳಲ್ಲ. ಟೇಪಣ್ಣ ಒಂದು ಕೋಣೆಯೊಳಗೆ ಹೋಗಿ ಬಾಗಿಲು ಎಳೆದುಕೊಂಡ. ತಗಡಿನ ಬಾಗಿಲು ಕಿರುಗುಟ್ಟುತ್ತಾ ತಾನಾಗಿ ತೆರೆದುಕೊಂಡಿತು. ಒಳಗಡೆ ಚಿಲಕವೇ ಇರಲಿಲ್ಲ. ಚಿಲಕವಿಲ್ಲದ ಬಾಗಿಲನ್ನು ಒಂದು ಕೈಯಲ್ಲಿ ಹಿಡಿದು ಕೂರುವುದು ಹೇಗೆ ಎಂದು ನಿಂತು ಯೋಚಿಸಿದ. ಹನ್ನೊಂದು ವರ್ಷ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದನೇ ಹೊರತು, ಒಂದು ದಿನವೂ ಬಾಗಿಲು ಹಾಕಿ ನೋಡಿರಲಿಲ್ಲ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೊರಗೆ ಕ್ಲೀನಿಂಗ್ ಕೆಲಸದಾಕೆ ಬಂದು ನಿಂತಿದ್ದಳು.

"ಬೆಳಿಗ್ಗೆ ನೀನು ಏನೋ ಹೇಳೋಕೆ ಹೊರಟಿದ್ದೆ" ಎಂದ.

"ಇದನ್ನೇ ಅಣ್ಣಾ. ಇಲ್ಲಿಗೆ ಬರೋದು ನಾನೊಬ್ಬಳೇ, ತೊಳೆಯೋಕೆ. ಯಾರೂ ಬರದೇ ಇರೋದನ್ನ ದಿನಾ ತೊಳೀತೀನಿ."

"ಮತ್ತೆ ನೀನು? ನೀನು ಎಲ್ಲಿಗೆ ಹೋಗ್ತೀಯಮ್ಮ?"

ಆಕೆ ನಕ್ಕಳು. "ಮನೆಗೆ. ಸಂಜೆ ಆರಕ್ಕೆ."

ಆ ನಗೆಯನ್ನು ಅವನಿಂದ ತಡೆದುಕೊಳ್ಳಲಾಗಲಿಲ್ಲ. ಅಲ್ಲಿಂದ ನೇರ ಉತ್ಸವ ಸಮಿತಿಯ ಅಧ್ಯಕ್ಷರ ಬಳಿ ಹೋದ.

ಮುಖ್ಯ ವೇದಿಕೆಯ ಹಿಂದೆ, ಅರವತ್ತೇ ಅಡಿ ದೂರದಲ್ಲಿ, ನಾಲ್ಕು ಹೊಸ ಶೌಚಾಲಯಗಳಿದ್ದವು. ಒಳಗೆ ಚಿಲಕ, ಕನ್ನಡಿ, ಸೋಪು, ಎಲ್ಲವೂ ಇತ್ತು. ವಿಶೇಷ ಅತಿಥಿಗಳಿಗೆಂದು ಬೀಗ ಹಾಕಿದ್ದರು. ಕೀಲಿ ಅಧ್ಯಕ್ಷರ ಜೇಬಿನಲ್ಲಿತ್ತು.

"ಅದನ್ನ ಹೆಂಗಸರಿಗೆ ಬಿಟ್ಟುಕೊಡಿ ಸಾರ್. ಹಾಡೋರಿಗೆ, ಕೇಳೋಕೆ ಬಂದೋರಿಗೆ, ಕೆಲಸದೋರಿಗೆ, ಎಲ್ಲರಿಗೂ."

"ಅತಿಥಿಗಳು ಬಂದು ಕೇಳಿದ್ರೆ ನಾನೇನು ಹೇಳಲಿ?"

"ಇಲ್ಲೀವರೆಗೆ ಎಷ್ಟು ಜನ ಕೇಳಿದ್ದಾರೆ?"

"ನಿನ್ನೆ ಒಬ್ಬರು ಕೈ ತೊಳೆದರು" ಎಂದರು ಅಧ್ಯಕ್ಷರು. ಆಮೇಲೆ ದನಿ ತಗ್ಗಿಸಿದರು. "ನಾನು ಹೆಂಗಸರ ವಿರೋಧಿ ಅಂದ್ಕೋಬೇಡಪ್ಪ. ಈ ಜಾಗ ಕೊಟ್ಟಿರೋರೇ ಆ ಅತಿಥಿಗಳು. ಅವರು ಮುನಿಸಿಕೊಂಡ್ರೆ ಮುಂದಿನ ವರ್ಷ ಉತ್ಸವವೇ ಇಲ್ಲ. ಮೇಲಾಗಿ, ವೇದಿಕೆ ಪಕ್ಕ ಹೆಂಗಸರು ಸಾಲುಗಟ್ಟಿ ನಿಂತ್ರೆ ನೋಡೋಕೆ ಚೆನ್ನಾಗಿರುತ್ತಾ?"

"ವೇದಿಕೆ ಮೇಲೆ ಕುಸಿದು ಬಿದ್ರೆ ಚೆನ್ನಾಗಿರುತ್ತಾ ಸಾರ್?"

ಅಧ್ಯಕ್ಷರ ಕಣ್ಣು ಮುಂದಿನ ಸಾಲಿನ ಕಡೆ ಹೋಯಿತು. ಅಲ್ಲಿ ಅವರ ಹೆಂಡತಿ ಬೆಳಿಗ್ಗೆ ಎಂಟರಿಂದ ಕೂತಿದ್ದರು. ಬೆಳಿಗ್ಗೆ ಕೊಟ್ಟ ನೀರಿನ ಬಾಟಲಿ ಮಡಿಲಲ್ಲಿತ್ತು, ಮುಚ್ಚಳದ ಸೀಲು ಒಡೆದಿರಲಿಲ್ಲ.

"ಇವಳೂನಾ?" ಎಂದರು, ತಮಗೆ ತಾವೇ ಎಂಬಂತೆ. ಕೀಲಿ ತೆಗೆದು ಟೇಪಣ್ಣನ ಕೈಯಲ್ಲಿಟ್ಟರು. "ಹೋಗು. ಯಾರಾದ್ರೂ ಕೇಳಿದ್ರೆ ಬೈಗುಳ ನನಗಿರಲಿ."

ಬೀಗ ತೆರೆದದ್ದಾಯಿತು, ಕ್ಲೀನಿಂಗ್ ಕೆಲಸದಾಕೆಯನ್ನು ಅಲ್ಲಿ ಕೂರಿಸಿದ್ದಾಯಿತು. ಅದನ್ನು ಜನರಿಗೆ ತಿಳಿಸುವುದು ಹೇಗೆ? ವೇದಿಕೆಯ ನಿರೂಪಕ ಟೇಪಣ್ಣ ಬರೆದುಕೊಟ್ಟ ಚೀಟಿ ಓದಿ ಮುಖ ಕೆಂಪಗೆ ಮಾಡಿಕೊಂಡ. "ಇಷ್ಟು ಜನರ ಮುಂದೆ ಈ ಮಾತು ನಾನು ಹೇಳೋದಾ? ನನ್ನ ಕೈಲಾಗಲ್ಲಪ್ಪ!"

ಜನ್ಮದಲ್ಲಿ ಮೈಕು ಮುಟ್ಟದ ಟೇಪಣ್ಣ ತಾನೇ ಮೈಕು ಹಿಡಿದ.

"ಮಹಿಳೆಯರ ಗಮನಕ್ಕೆ. ನಿಮ್ಮ ಶೌಚಾಲಯ ಈ ವೇದಿಕೆಯ ಎಡಗಡೆ, ಹಿಂದೆ. ಅರವತ್ತು ಅಡಿ. ಒಳಗಡೆ ಚಿಲಕ ಇದೆ, ನಾನೇ ಹಾಕಿ ತೆಗೆದು ನೋಡಿದ್ದೀನಿ. ಹೊರಗೆ ನಮ್ಮ ಕೆಲಸದಾಕೆ ಕೂತಿರ್ತಾರೆ. ಕುಡಿಯೋ ನೀರಿನ ಡ್ರಮ್ಮು ಎಂಟು ಕಡೆ ಇದೆ. ದಯವಿಟ್ಟು... ದಯವಿಟ್ಟು ನೀರು ಕುಡೀರಿ."

ಗಂಡಸರ ಕಡೆಯಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗು ಅಲ್ಲಿಗೇ ನಿಂತಿತು. ಯಾಕೆಂದರೆ ಮುಂದಿನ ಸಾಲಿನಿಂದ ಅಧ್ಯಕ್ಷರ ಹೆಂಡತಿ ಎದ್ದರು. ಅವರ ಹಿಂದೆ ಇಬ್ಬರು ಎದ್ದರು, ಆಮೇಲೆ ಹತ್ತು ಜನ, ಆಮೇಲೆ ಎಣಿಸಲಾಗದಷ್ಟು ಜನ. ಮುದುಕಿಯರು, ಕಾಲೇಜು ಹುಡುಗಿಯರು, ಬಸುರಿಯರು. ಹೋಗುವಾಗ ಬಿರಬಿರನೆ ಹೋದವರು ಬರುವಾಗ ಹರಟೆ ಹೊಡೆಯುತ್ತಾ ನಿಧಾನವಾಗಿ ಬಂದರು. ಡ್ರಮ್ಮುಗಳ ಮುಂದೆ ಸಾಲು ಬೆಳೆಯಿತು.

ಡೇರೆಯೊಳಗೆ ಮೈಕಿನ ಮಾತು ಕೇಳಿ ಅಕ್ಕ ಎದ್ದು ಕೂತಿದ್ದಳು. ತಮ್ಮ ಬಂದು ಬಾಗಿಲಲ್ಲಿ ನಿಂತ. ಕ್ಷಮಿಸು ಎನ್ನಬೇಕೆಂದು ಬಂದವನು ಸೊಂಟದ ಟೇಪನ್ನು ಎಳೆದು ಬಿಡುತ್ತಿದ್ದ.

"ಅರವತ್ತೇ ಅಡಿಯೇನೋ?" ಎಂದಳು.

"ಎರಡು ಸಲ ಅಳೆದಿದ್ದೀನಿ."

"ಹಾಗಾದ್ರೆ ಕೊಡಿ ಇತ್ಲಾಗೆ" ಎಂದು ನರ್ಸಮ್ಮನ ಕೈಯಿಂದ ಲೋಟ ಕಿತ್ತುಕೊಂಡಳು. ಒಂದು, ಎರಡು, ಮೂರು ಲೋಟ. ಗಂಟಲಿನಿಂದ ನೀರು ಇಳಿಯುವ ಸದ್ದನ್ನು ಟೇಪಣ್ಣ ನಿಂತು ಕೇಳಿದ. ಹಗುರಾಗಿ ಉಸಿರು ಬಿಟ್ಟ. ನಾಲ್ಕೂವರೆಗೆ ನರ್ಸಮ್ಮ ಮತ್ತೊಮ್ಮೆ ನಾಡಿ ನೋಡಿ, "ಹೋಗಿ ಹಾಡಿ, ನಾನೂ ಬರ್ತೀನಿ" ಎಂದರು.

ಸರಿಯಾಗಿ ಐದಕ್ಕೆ ಹನ್ನೆರಡು ಹೆಂಗಸರು ಮುಖ್ಯ ವೇದಿಕೆ ಹತ್ತಿದರು. ಹನ್ನೆರಡು ಜನರ ಕೈಯಲ್ಲೂ ನೀರಿನ ಬಾಟಲಿ. ಅಕ್ಕ ಮೈಕಿನ ಮುಂದೆ ನಿಂತು, ಮೂರು ಸಾವಿರ ಜನ ನೋಡುತ್ತಿರುವಂತೆಯೇ, ಅರ್ಧ ಬಾಟಲಿ ಗಟಗಟ ಕುಡಿದು, ಬಾಯಿ ಒರೆಸಿಕೊಂಡು, ಬೆಳಿಗ್ಗೆ ಒಡೆದಿದ್ದ ಆ ತೊಟ್ಟಿಲ ಹಾಡಿನ ಮೊದಲ ಸಾಲನ್ನೇ ಎತ್ತಿದಳು. ದನಿ ಎಲ್ಲಿಯೂ ತಡವರಿಸಲಿಲ್ಲ. ಕೊನೆಯ ಸಾಲಿನ ಕುರ್ಚಿಗಳವರೆಗೂ ಸಲೀಸಾಗಿ ಹೋಯಿತು. ವೇದಿಕೆಯ ಪಕ್ಕದಲ್ಲಿ ನಿಂತಿದ್ದ ಟೇಪಣ್ಣ ಕಣ್ಣೊರೆಸಿಕೊಂಡ.

ಅಷ್ಟರಲ್ಲಿ ಯಾರೋ ಅವನ ತೋಳು ಹಿಡಿದು ಜಗ್ಗಿದರು. ಕ್ಲೀನಿಂಗ್ ಕೆಲಸದಾಕೆ. ಏದುಸಿರು ಬಿಡುತ್ತಿದ್ದಳು.

"ಅಣ್ಣಾ, ಏನು ಟ್ಯಾಂಕು ಇಟ್ಟಿದ್ದೀರಿ? ಒಂದು ತೊಟ್ಟು ನೀರಿಲ್ಲ! ಹೆಂಗಸರು ಬೈತಾ ನಿಂತಿದ್ದಾರೆ. ನಾಲ್ಕು ಕೋಣೆ ಯಾವ ಮೂಲೆಗೆ ಅಂತ ಕೇಳ್ತಿದ್ದಾರೆ!"

ಹನ್ನೊಂದು ವರ್ಷದಲ್ಲಿ ಬಂದ ಮೊದಲ ದೂರು ಅದು. ಟೇಪಣ್ಣನ ಮುಖವೆಲ್ಲ ನಗುವಾಯಿತು.

"ಬೈಯಲಿ, ಚೆನ್ನಾಗಿ ಬೈಯಲಿ!" ಎನ್ನುತ್ತಾ ನೀರಿನ ಟ್ಯಾಂಕರ್ ನಿಂತಿದ್ದ ಕಡೆಗೆ ಓಡಿದ. ಅಕ್ಕನ ಎರಡನೆಯ ಹಾಡನ್ನು ಅವನು ಟ್ಯಾಂಕರಿನ ಪೈಪು ಎಳೆಯುತ್ತಲೇ ಕೇಳಿಸಿಕೊಂಡ.