ಅಳಿಸಿದ ಮುಖ

ಶಹಾಬಾದಿನ ದಾನಿಯೇಲಪ್ಪ ಪತ್ರಿಕೆಗೂ ಫೋಟೋ ಕಳಿಸುತ್ತಿದ್ದ, ಮದುವೆಗೂ ತೆಗೆಯುತ್ತಿದ್ದ, ಸತ್ತವರದ್ದೂ ತೆಗೆಯುತ್ತಿದ್ದ. ಸತ್ತವರೇ ವಾಸಿ, ಅಲುಗಾಡುವುದಿಲ್ಲ ಎಂದು ತಮಾಷೆ ಮಾಡುತ್ತಿದ್ದ. ರೇವಣಪ್ಪ ಸತ್ತ ದಿನದಿಂದ ಆ ತಮಾಷೆ ಅವನ ಬಾಯಿಗೆ ಬರಲಿಲ್ಲ.

ರೇವಣಪ್ಪ ಸತ್ತದ್ದು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಗಣಿಯಲ್ಲಿ, ಮೇಲಿಂದ ಜಾರಿದ ಚಪ್ಪಡಿಯ ಅಡಿಯಲ್ಲಿ. ಸುದ್ದಿ ತಿಳಿದು ಓಡಿಹೋದ ದಾನಿಯೇಲಪ್ಪ ಫೋಟೋ ತೆಗೆದ. ಗಣಿ, ಕಲ್ಲು, ಕಲ್ಲಿನ ಕೆಳಗೆ ಜಜ್ಜಿದ ಮುಖ, ಎಲ್ಲವೂ ಅದರಲ್ಲಿತ್ತು. ಪೊಲೀಸರು ಬರುವಷ್ಟರಲ್ಲಿ ಮಾಲೀಕನ ಕಡೆಯವರು ಹೆಣವನ್ನು ಮನೆಗೆ ಸಾಗಹಾಕಿದ್ದರು. ಮನೆಯಲ್ಲಿ ಅವರ ಪದ್ಧತಿಯಂತೆ ಹೆಣವನ್ನು ಗೋಡೆಗೆ ಆನಿಸಿ ಕೂರಿಸಿ, ಮುಖಕ್ಕೆ ದಟ್ಟವಾಗಿ ವಿಭೂತಿ ಬಳಿದು ಹಾರ ಹಾಕಿದರು. ಆ ಫೋಟೋವನ್ನೂ ಅವನೇ ತೆಗೆದ. ಆಗ ರೇವಣಪ್ಪನ ಹೆಂಡತಿ ಚಂದಮ್ಮ ಅವನ ಕೈ ಹಿಡಿದಳು.

“ಅಣ್ಣಾರ, ಗಣ್ಯಾಗಿನ ಫೋಟೋ ಅಳಿಸಿಬಿಡ್ರಿ. ಆ ಜಜ್ಜಿದ ಮಾರಿ ಪೇಪರದಾಗ ಬರಬಾರದು. ನನ್ನ ಮಕ್ಕಳು ಹಾರ ಹಾಕಿದ ಮಾರೀನೇ ನೋಡ್ಲಿ.”

ಅವನು ಅವಳ ಕಣ್ಣೆದುರೇ ಅಳಿಸಿದ. ಒಳ್ಳೆಯ ಕೆಲಸ ಮಾಡಿದೆ ಅಂದುಕೊಂಡೇ ಮಲಗಿದ, ಪಾಪ!

ಗಣಿ ಮಾಲೀಕನ ಮೇಲೆ ಚಂದಮ್ಮ ಹೂಡಿದ ಪರಿಹಾರದ ದಾವೆ ಚಿತ್ತಾಪುರದ ಕೋರ್ಟಿನಲ್ಲಿ ವಿಚಾರಣೆಗೆ ಬಂತು. ರೇವಣಪ್ಪ ನಮ್ಮ ಆಳೇ ಅಲ್ಲ, ಮನೆಯ ಮಾಳಿಗೆಯಿಂದ ಬಿದ್ದು ಸತ್ತ ಎಂದ ಮಾಲೀಕ. ಜೊತೆಗೆ ದುಡಿದವರು ಕೂಲಿ ತಪ್ಪೀತೆಂದು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಅವಳ ಪಾಲಿಗೆ ಉಳಿದ ಸಾಕ್ಷಿ ದಾನಿಯೇಲಪ್ಪ ಒಬ್ಬನೇ.

ಮಾಲೀಕನ ವಕೀಲ ಹಾರದ ಫೋಟೋ ಎತ್ತಿ ಹಿಡಿದ. “ಇದು ನೀವೇ ತೆಗೆದದ್ದಲ್ವಾ? ಎಲ್ಲಿ?”

“ಅವರ ಮನ್ಯಾಗ್ರಿ. ಆದ್ರ ಗಣ್ಯಾಗ ಕಲ್ಲಿನ ಕೆಳಗ ಅವರನ್ನ ಕಣ್ಣಾರೆ ನೋಡೀನ್ರಿ. ಫೋಟೋನೂ ತೆಗದಿದ್ದೆ. ಅಳಿಸಿದೆ.”

“ಯಾಕೆ ಅಳಿಸಿದ್ರಿ?”

ಕೈತಪ್ಪಿ ಹೋಯಿತು ಅಂದಿದ್ದರೆ ಸಾಕಿತ್ತು. ಆದರೆ ದೇವರ ಹೆಸರಲ್ಲಿ ಪ್ರಮಾಣ ಮಾಡಿದ ಬಾಯಿ ಅದು. ಸತ್ತು ಎದ್ದುಬಂದ ಯೇಸು ಗಾಯ ಮುಚ್ಚಿಕೊಳ್ಳಲಿಲ್ಲ, ಕೈ ಚಾಚಿ ಶಿಷ್ಯರಿಗೆ ತೋರಿಸಿದ ಎಂದು ಚಿಕ್ಕಂದಿನಿಂದ ಚರ್ಚಿನಲ್ಲಿ ಕೇಳಿಕೊಂಡು ಬಂದವನು. ಅಂಥ ದೇವರನ್ನು ನಂಬಿಯೂ ತಾನೇ ಒಬ್ಬನ ಗಾಯ ಅಳಿಸಿದ್ದ. ಅದರ ಮೇಲೆ ಸುಳ್ಳೂ ಹೇಳಲು ಮನಸ್ಸು ಒಪ್ಪಲಿಲ್ಲ.

“ಈ ತಂಗೀನೇ ಬೇಡಿಕೊಂಡ್ಳು,” ಎಂದ.

ವಕೀಲ ಹಲ್ಲು ಕಿರಿದ. “ನೋಡ್ರಿ ಸ್ವಾಮಿ, ಪುರಾವೆ ಅಳಿಸಿ ಹಾಕಿಸಿದ್ದು ಹೆಂಡತಿನೇ!” ದಾವೆ ಬಿದ್ದುಹೋಯಿತು.

ಬಸ್ ಸ್ಟ್ಯಾಂಡಿನಲ್ಲಿ ದಾನಿಯೇಲಪ್ಪ, “ತಪ್ಪಾತವ್ವಾ,” ಎಂದ. ಅಳಿಸಿದ್ದು ತಪ್ಪೋ, ಖರೆ ಹೇಳಿದ್ದು ತಪ್ಪೋ, ಅವನಿಗೇ ತಿಳಿಯಲಿಲ್ಲ. ಚಂದಮ್ಮ ಬೈಯಲಿಲ್ಲ. ಬೈದಿದ್ದರೆ ಎದೆಯಾದರೂ ಹಗುರಾಗುತ್ತಿತ್ತು.

“ಅಣ್ಣಾರ, ಗಣ್ಯಾಗಿನ ಫೋಟೋ ಎಲ್ಲಿಯರೆ ಒಂದು ಉಳದಿರಬೇಕು ನೋಡ್ರಿ. ಇನ್ನ ನಾ ಬ್ಯಾಡ ಅನ್ನಂಗಿಲ್ಲ. ಊರಿಗೂರೇ ನೋಡ್ಲಿ ಅವರ ಮಾರಿ.”

ಅವನು ಚೀಲದಿಂದ ಕ್ಯಾಮೆರಾ ತೆಗೆದು ಹುಡುಕತೊಡಗಿದ. ಇಲ್ಲವೆಂದು ಗೊತ್ತಿತ್ತು. ಅವಳು ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದಳು. ಅದಕ್ಕೇ ಹುಡುಕುತ್ತಲೇ ಇದ್ದ.