ಎರಡನೇ ಸುತ್ತು

ಮಹದೇವಸ್ವಾಮಿ ಅಪ್ಪನ ಕಾಲಿನ ಎರಡು ಹೆಬ್ಬೆರಳುಗಳನ್ನು ಒಟ್ಟಿಗೆ ಹಿಡಿದು ಬಟ್ಟೆಯ ಪಟ್ಟಿಯನ್ನು ಮೂರನೆಯ ಸಲ ಸುತ್ತಿದ. ಗಂಟು ಬಿಗಿಯುವಷ್ಟರಲ್ಲಿ ಎಡಪಾದ ಮತ್ತೆ ಜಾರಿ ಹೊರಕ್ಕೆ ಹೊರಳಿಕೊಂಡಿತು.

“ಗಟ್ಟಿಯಾಗಿ ಇಡ್ಕಳ್ಲಾ,” ಎಂದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಸೋದರಮಾವ ಕುಳ್ಳಯ್ಯ. “ಬದುಕಿದ್ದಾಗ್ಲೇ ಆ ಕಾಲು ಭಾವನ ಮಾತು ಕೇಳ್ತಿರ್ನಿಲ್ಲ. ಈಗ ನಿನ್ನ ಮಾತು ಕೇಳದಾ?”

ಇಬ್ಬರು ನಕ್ಕರು. ನಕ್ಕದ್ದು ತಪ್ಪಾಯಿತೇನೋ ಎಂಬಂತೆ ಅವರಲ್ಲೊಬ್ಬ ಕೆಮ್ಮಿದ.

ಮಂಡಿಯಿಂದ ಕೆಳಕ್ಕೆ ಆ ಕಾಲಿನ ಚರ್ಮ ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ಮಹದೇವಸ್ವಾಮಿ ಹುಟ್ಟುವುದಕ್ಕೂ ಮೊದಲು, ಆಲೆಮನೆಯ ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಕಬ್ಬಿನ ಹಾಲು ಉಕ್ಕಿ ಅಪ್ಪ ಮುದ್ದಯ್ಯನ ಕಾಲ ಮೇಲೆ ಬಿದ್ದಿತ್ತು. ಗಾಯ ಮಾಯಿತು. ಕಾಲು ಮಾತ್ರ ಸೆಟೆದುಕೊಂಡು ಹಾಗೇ ನಿಂತುಬಿಟ್ಟಿತು. ಆ ಕಾಲನ್ನೇ ಎಳೆದುಕೊಂಡು ಮುದ್ದಯ್ಯ ಮೂವತ್ತು ವರ್ಷ ಬೆಲ್ಲ ಕಾಸಿದ್ದ.

ಪಟ್ಟಿಯನ್ನು ನಾಲ್ಕನೆಯ ಸಲ ಸುತ್ತುವಾಗ ಮಹದೇವಸ್ವಾಮಿಯ ಕಣ್ಣಿಗೆ ಒಂದು ಸಂಗತಿ ಬಿತ್ತು. ಪಾದ ತಿರುಗುತ್ತಿದ್ದದ್ದು ಪಾದದ ಕೀಲಿನಿಂದಲ್ಲ, ಮೇಲೆ ಸೊಂಟದಿಂದ. ನಾನು ಇಷ್ಟು ದಿನ ರಂಗದ ಮೇಲೆ ಕೀಲಿನಿಂದ ತಿರುಗಿಸುತ್ತಿದ್ದೆ ಅಂದುಕೊಂಡ. ಅಂದುಕೊಂಡ ಮರುಗಳಿಗೆಯೇ ಬಿಸಿ ಮುಟ್ಟಿದವನ ಹಾಗೆ ಕೈ ಹಿಂದಕ್ಕೆ ತೆಗೆದ.

“ಮಾವ, ನೀನೇ ಕಟ್ಟು.”

“ಮಗ ನೀನಿದ್ದು ನಾನು ಕಟ್ಟಾದಾ? ಕಟ್ಲಾ ಸುಮ್ಕೆ.”

ಅವನು ಕಟ್ಟಿದ.

ಬೇಲಿಯ ಬದಿಯಲ್ಲಿ ಗಂಡಸರು ನಿಂತುಕೊಂಡು ಸಾವು ಬಂದ ಬಗೆಯನ್ನು ಮಾತಾಡುತ್ತಿದ್ದರು. ನಿನ್ನೆ ಬೆಳಗ್ಗೆ ಆಲೆಮನೆಯ ಹಿಂದೆ ಮುದ್ದಯ್ಯ ಎದೆ ಹಿಡಿದುಕೊಂಡು ಬಿದ್ದಿದ್ದ. ಆಟೋದಲ್ಲಿ ಪಾಂಡವಪುರಕ್ಕೆ ಕರೆದೊಯ್ಯುವ ದಾರಿಯಲ್ಲೇ ಉಸಿರು ನಿಂತಿತ್ತು.

“ಕೆಲ್ಸ ಬುಟ್ಟು ನಾಕು ವರ್ಸ ಆಯ್ತು. ಅಲ್ಲೇನು ಮಾಡಕ್ಕೋಗಿದ್ನಂತೆ?”

“ಆ ಚಿಕ್ಕಮಾದಯ್ಯಂಗೇ ಗೊತ್ತು. ಅವ್ನ ಕೇಳುದ್ರೆ ತುಟಿ ಬಿಚ್ಚಾಕಿಲ್ಲ.”

ಒಳಗಿನಿಂದ ಬಂದ ಮುದುಕಿಯೊಬ್ಬಳು ಮಹದೇವಸ್ವಾಮಿಯ ಗಲ್ಲ ಹಿಡಿದು ಅತ್ತಳು. “ನಾಟಕ್ದಲ್ಲಿ ಅಪ್ಪನಂಗೇ ನಡೀತಿಯಂತಲ್ಲಪ್ಪಾ. ಇನ್ಮೇಕೆ ಮುದ್ದಣ್ಣನ್ನ ನೋಡ್ಬೇಕು ಅಂದ್ರೆ ನಿನ್ನೇ ನೋಡ್ಬೇಕು.”

ಅವನು ತಲೆ ತಗ್ಗಿಸಿಕೊಂಡ. ಜೇಬಿನಲ್ಲಿದ್ದ ಫೋನು ನಡುಗಿತು. ಮೈಸೂರಿನ ನಾಟಕ ತಂಡದ ನಿರ್ದೇಶಕಿ ಮೇಘನ ಬರೆದಿದ್ದಳು: ‘ಶನಿವಾರ ನಾಗಮಂಗಲದ ಆಟ ರದ್ದು ಮಾಡಲಾ? ನೀನು ಹೇಳಿದ ಹಾಗೆ ಮಾಡೋಣ.’

ಅವನು ಫೋನನ್ನು ಮತ್ತೆ ಜೇಬಿಗಿಟ್ಟ.

*

“ನಡಿಗೆ ಬರುವವರೆಗೆ ನಿನಗೆ ಮಾತುಗಳ ಹಾಳೆ ಕೊಡುವುದಿಲ್ಲ,” ಎಂದಿದ್ದಳು ಮೇಘನ. ಹೋದ ವರ್ಷದ ಮಾತು. ಹೊಸ ನಾಟಕದಲ್ಲಿ ಅವನಿಗೆ ಮುದಿ ಕಾವಲುಗಾರನ ಪಾತ್ರ. ಹನ್ನೊಂದು ವರ್ಷ ಬಣ್ಣ ಹಚ್ಚಿದ ಮೇಲೆ ಸಿಕ್ಕ ಮೊದಲ ದೊಡ್ಡ ಪಾತ್ರ. ಅವನು ಮಾಡಿ ತೋರಿಸಿದ ನಡಿಗೆಗಳನ್ನೆಲ್ಲ ಅವಳು ಒಂದೇ ಮಾತಿನಲ್ಲಿ ತಳ್ಳಿಹಾಕಿದಳು. “ಇದು ನಟನ ಮುದುಕ. ನನಗೆ ಮನುಷ್ಯ ಬೇಕು. ಹೋಗಿ ನೋಡಿಕೊಂಡು ಬಾ.”

ನೋಡುವುದನ್ನು ಅವನಿಗೆ ಕಲಿಸಿದ್ದು ಅಪ್ಪನೇ. ಆಲೆಮನೆಯಲ್ಲಿ ಪಾಕ ಹದಕ್ಕೆ ಬರುವ ಗಳಿಗೆಗೆ ಮುದ್ದಯ್ಯ ಯಾರ ಜೊತೆಯೂ ಮಾತಾಡುತ್ತಿರಲಿಲ್ಲ. “ಗುಳ್ಳೆ ಸಣ್ಣದಾಯ್ತಾ ಬತ್ತದೆ ನೋಡು. ಕಣ್ಣು ಮಿಟುಕ್ಸುದ್ರೆ ಓಯ್ತು. ಒಂದು ಗಳಿಗೆ ಮುಂಚೆ ಇಳಿಸುದ್ರೆ ಅಚ್ಚು ಕೂರಾಕಿಲ್ಲ, ಒಂದು ಗಳಿಗೆ ತಡವಾದ್ರೆ ಕಹಿ.”

ಆ ಕಣ್ಣನ್ನೇ ಹೊತ್ತುಕೊಂಡು ಅವನು ಊರಿಗೆ ಬಂದ. ಹದಿನೈದು ದಿನ ಮನೆಯಲ್ಲಿದ್ದ. ಅವ್ವ ದೊಡ್ಡತಾಯಮ್ಮನಿಗೆ ಹಿಗ್ಗೋ ಹಿಗ್ಗು. ಮಗ ಅಷ್ಟು ದಿನ ಮನೆಯಲ್ಲಿ ಉಳಿದು ಎಷ್ಟೋ ವರ್ಷವಾಗಿತ್ತು. ಬೆಳಗ್ಗೆ ಅಪ್ಪ ಹಾಲು ಹಾಕಲು ಡೈರಿಗೆ ಹೋಗುವಾಗ ಇವನೂ ಹೊರಡುತ್ತಿದ್ದ, ನಾಲ್ಕು ಮಾರು ಹಿಂದೆ. ಮುದ್ದಯ್ಯ ತಿರುಗಿ “ಜೊತೇಲೇ ಬಾ,” ಎಂದರೆ “ನೀ ನಡಿಯಪ್ಪ, ಬಂದೆ,” ಎನ್ನುತ್ತಿದ್ದ. ಕೈಯಲ್ಲಿ ಫೋನು ಹಿಡಿದಿರುತ್ತಿದ್ದ. ಹೆಂಗಸರು ನಗುಮುಖದಿಂದ ನೋಡುತ್ತಿದ್ದರು: ಮಗ ಅಪ್ಪನ ಹಿಂದೆ ಹೋಗುತ್ತಿದ್ದಾನೆ.

ಹೀಗೆ ಕದ್ದು ತೆಗೆದ ಒಂಬತ್ತು ವಿಡಿಯೊಗಳನ್ನು ಮೈಸೂರಿನ ಬಾಡಿಗೆ ಕೋಣೆಯಲ್ಲಿ ನಿಧಾನಗತಿಯಲ್ಲಿ ಇಟ್ಟುಕೊಂಡು ಮೂರು ತಿಂಗಳು ಅಭ್ಯಾಸ ಮಾಡಿದ. ಎಡಗಾಲಿನ ಚಪ್ಪಲಿಯೊಳಗೆ ಹಲಗೆಯ ಚೂರು ಇಟ್ಟುಕೊಂಡು ದಿನಕ್ಕೆ ಎರಡು ಗಂಟೆ. ಸೊಂಟ ನೋಯುತ್ತಿತ್ತು. ಒಂದು ದಿನ ಮೇಘನ ಅವನ ನಡಿಗೆ ನೋಡಿ ಮಾತುಗಳ ಹಾಳೆಯನ್ನು ಅವನ ಕೈಗಿಟ್ಟಳು.

*

ಚಟ್ಟ ಎತ್ತಿದಾಗ ಹೊತ್ತು ನೆತ್ತಿಯ ಮೇಲಿತ್ತು. ತಮಟೆಯವರು ಮುಂದೆ, ಅವರ ಹಿಂದೆ ಅವನು. ನಾಲೆ ಏರಿಯ ಮೇಲೆ ಕಬ್ಬು ತುಂಬಿದ ಟ್ರಾಕ್ಟರೊಂದು ಬದಿಗೆ ಸರಿದು ಇಂಜಿನ್ನು ನಿಲ್ಲಿಸಿತು. ಬೆನ್ನ ಮೇಲೆ ನೂರು ಕಣ್ಣುಗಳಿದ್ದ ಹಾಗೆ ಅನ್ನಿಸಿ ಅವನು ಪ್ರತಿಯೊಂದು ಹೆಜ್ಜೆಯನ್ನೂ ಯೋಚಿಸಿ ಇಡತೊಡಗಿದ. ಬರಿಗಾಲಿಗೆ ಕಲ್ಲು ಚುಚ್ಚಿದರೂ ಕುಂಟಲಿಲ್ಲ.

ಗುಂಡಿಯಿಂದ ಸ್ವಲ್ಪ ದೂರದಲ್ಲಿ ಚಿಕ್ಕಮಾದಯ್ಯ ಒಬ್ಬನೇ ನಿಂತಿದ್ದ. ಮುದ್ದಯ್ಯನ ಜೊತೆ ಒಲೆಗೆ ಸಿಪ್ಪೆ ಉರಿ ಹಾಕುತ್ತಿದ್ದವನು. ಈಗ ಕೊಪ್ಪರಿಗೆ ಅವನದೇ. ಮೂರು ಹಿಡಿ ಮಣ್ಣು ಹಾಕಿ ಬಂದ ಮಹದೇವಸ್ವಾಮಿಯನ್ನು ನೋಡಿ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಕುಳ್ಳಯ್ಯ ಗುಂಡಿ ಮುಚ್ಚಲು ಸನಿಕೆಯನ್ನು ಚಿಕ್ಕಮಾದಯ್ಯನ ಕೈಗೆ ಕೊಟ್ಟ.

*

ಪಾಂಡವಪುರದ ಆಟ ಆಗಿ ಆರು ತಿಂಗಳು. ಊರಿನಿಂದ ಒಂದು ಟೆಂಪೋ ಜನ ಬಂದಿದ್ದರು. ಮೂರನೆಯ ಸಾಲಿನ ಅಂಚಿನಲ್ಲಿ ಮುದ್ದಯ್ಯ, ಪಕ್ಕದಲ್ಲಿ ಚಿಕ್ಕಮಾದಯ್ಯ. ಬಿಳಿ ಅಂಗಿ ತೊಟ್ಟು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದ ಅಪ್ಪನನ್ನು ಮಹದೇವಸ್ವಾಮಿ ಪರದೆಯ ಸಂದಿಯಿಂದ ನೋಡಿದ್ದ.

ಕಾವಲುಗಾರ ಲಾಟೀನು ಹಿಡಿದು ರಂಗದ ಮೇಲೆ ಒಂದು ಸುತ್ತು ಬಂದು ಕೂರಬೇಕು. ಒಂದೇ ಸುತ್ತು, ಮಾತಿಲ್ಲ. ಅರ್ಧ ಸುತ್ತು ಆಗುವವರೆಗೆ ಸೂಜಿ ಬಿದ್ದರೂ ಕೇಳುವಷ್ಟು ನಿಶ್ಶಬ್ದ. ಆಮೇಲೆ ಹಿಂದಿನ ಸಾಲಿನಿಂದ ಯಾವನೋ ಕೂಗಿದ: “ಲೇ, ನಮ್ಮ ಮುದ್ದಣ್ಣ ಕಣ್ರಲಾ!”

ನಗು ಎದ್ದಿತು. ಒಂದು ಮೂಲೆಯಿಂದ ಎದ್ದದ್ದು ಇಡೀ ಸಭಾಂಗಣಕ್ಕೆ ಹಬ್ಬಿತು. ಅಷ್ಟು ದೊಡ್ಡ ನಗು ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ. ಕೂರಬೇಕಾದ ಕಲ್ಲಿನ ಹತ್ತಿರ ಬಂದ. ಕೂರಲಿಲ್ಲ. ಇನ್ನೊಂದು ಸುತ್ತು ಹೊರಟ. ಈ ಸಲ ಕಾಲನ್ನು ಇನ್ನಷ್ಟು ಎಳೆದ.

ಆ ಸುತ್ತಿನ ನಡುವೆ ನೋಡಿದಾಗ ಮೂರನೆಯ ಸಾಲಿನ ಜನ ರಂಗದ ಕಡೆ ನೋಡುತ್ತಿರಲಿಲ್ಲ. ಎಲ್ಲರೂ ಅಂಚಿನ ಕುರ್ಚಿಯ ಕಡೆ ತಿರುಗಿ ನಗುತ್ತಿದ್ದರು. ಕುರ್ಚಿ ಖಾಲಿಯಿತ್ತು.

ಆಟ ಮುಗಿದ ಮೇಲೆ ಮೇಘನ ಬಣ್ಣದ ಕೋಣೆಗೆ ಬಂದು ಬಾಗಿಲಲ್ಲೇ ನಿಂತಳು. “ಎರಡನೇ ಸುತ್ತು ಯಾರಿಗೆ ಹಾಕಿದೆ?” ಅವನು ಮುಖ ತೊಳೆದುಕೊಳ್ಳುತ್ತಲೇ ಇದ್ದ.

ಅಂದಿನಿಂದ ಮುದ್ದಯ್ಯ ಮಗನ ಎದುರಿಗೆ ನಡೆಯಲಿಲ್ಲ. ಇವನು ಊರಿಗೆ ಬಂದಾಗಲೆಲ್ಲ ಜಗಲಿಯ ಮೇಲೆ ಕೂತಿರುತ್ತಿದ್ದ. ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಿದ್ದ. ಬಸ್ಸಿಗೆ ಹೊರಟರೆ ಕೂತಲ್ಲಿಂದಲೇ “ಉಸಾರು,” ಎನ್ನುತ್ತಿದ್ದ. ಮಹದೇವಸ್ವಾಮಿ ಒಂದು ಸಲವೂ ಕೇಳಲಿಲ್ಲ. ಕೇಳಿದರೆ ಅಪ್ಪ ಹೇಳಿಬಿಡಬಹುದಿತ್ತು.

*

ಮನೆಯಲ್ಲಿ ಹಚ್ಚಿಟ್ಟ ದೀಪ ನೋಡಿಕೊಂಡು ಜನ ಒಬ್ಬೊಬ್ಬರೇ ಹೋದರು. ದೊಡ್ಡತಾಯಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಮಗ ಪಕ್ಕದಲ್ಲಿ ಕೂತ.

“ಅವ್ವ, ಅಪ್ಪಂಗೆ ನನ್ನ ಮೇಲೆ ಸಿಟ್ಟಿತ್ತಾ?”

“ಯಾತಕ್ಕೆ?”

ಅವನು ದೀಪದ ಬತ್ತಿಯನ್ನು ಮುಂದಕ್ಕೆ ತಳ್ಳಿದ. ಅವಳು ಅವನ ಮುಖವನ್ನೇ ನೋಡಿದಳು. “ಮಾದಯ್ಯ ಆಚೆ ಕಾಯ್ತಾವ್ನೆ, ಓಗು,” ಎಂದಳು.

ಚಿಕ್ಕಮಾದಯ್ಯ ಬೇಲಿಯ ಬಳಿ ಬೀಡಿಯನ್ನು ಹಚ್ಚದೆ ಬೆರಳಲ್ಲಿ ಹೊರಳಿಸುತ್ತ ನಿಂತಿದ್ದ. “ಬಾ, ನಿಂಗೊಂದು ತೋರುಸ್ಬೇಕು,” ಎಂದು ಆಲೆಮನೆಯ ದಾರಿ ಹಿಡಿದ. ಮಹದೇವಸ್ವಾಮಿ ಹಿಂದೆಯೇ ಹೊರಟ.

“ಮಾದಣ್ಣ, ಅವತ್ತು ಪಾಂಡವಪುರದಲ್ಲಿ ಅಪ್ಪ ಎದ್ದುಹೋದದ್ದು…”

“ಎಲ್ಲಿಗೋದಾನು? ಬಾಗ್ಲು ಹಿಂದೆ ನಿಂತಿದ್ದ. ಕೊನೇಗಂಟ ನಿಂತೇ ನೋಡ್ದ. ಯಾಕ್ಲಾ ಎದ್ಬಂದೆ ಅಂದ್ರೆ, ಜನ ಅವನ್ನ ಬುಟ್ಟು ನನ್ನ ನೋಡ್ತಾವ್ರೆ ಕಣ್ಲಾ, ಹೈದ ಅಷ್ಟು ಕಷ್ಟ ಬಿದ್ದಿದ್ದು ದಂಡ ಆಗೋಯ್ತದೆ ಅಂದ.”

ಮಹದೇವಸ್ವಾಮಿ ನಿಂತ. ಚಿಕ್ಕಮಾದಯ್ಯ ನಿಲ್ಲಲಿಲ್ಲ, ಹಾಗಾಗಿ ಇವನೂ ನಡೆಯಬೇಕಾಯಿತು.

“ನನಗಿಂತ ಅವ್ನೇ ಚೆಂದಾಗಿ ಕುಂಟ್ತಾನೆ ಅಂತ ನಗಾಡ್ದ. ಆಮೇಕೆ ಒಂದು ಮಾತಂದ. ಮೊದಲ್ನೇ ಸುತ್ತು ಹದವಾಗಿತ್ತು, ಎರಡ್ನೇದ್ರಲ್ಲಿ ಪಾಕ ಏರೋಯ್ತು, ಇಳಿಸ್ಬೇಕಾಗಿತ್ತು ಅಂದ. ಅದೇನೋ ನಂಗೆ ತಿಳೀನಿಲ್ಲ.”

ಮಹದೇವಸ್ವಾಮಿಗೆ ತಿಳಿಯಿತು.

“ನಾಗಮಂಗಲದಾಗೆ ಇನ್ನೊಂದಾಟ ಐತೆ ಅಂತ ನಿಮ್ಮವ್ವನ ಬಾಯಲ್ಲಿ ಕೇಳ್ದ. ಓಗ್ಬೇಕು ಅಂದ. ಆದ್ರೆ ಕುಂಟ್ಕಂಡು ಒಳಕ್ಕೋದ್ರೆ ಮತ್ತೆ ಜನ ತನ್ನೇ ನೋಡ್ತಾರೆ, ಆಟ ಕೆಡ್ತದೆ ಅಂತ ತಲೇಲಿ ಕೂತ್ಬುಡ್ತು. ಬಾಗ್ಲಿಂದ ಕುರ್ಚಿಗಂಟ ಇಪ್ಪತ್ತೆಲ್ಡು ಹೆಜ್ಜೆ ಅಂತೆ. ಎಲ್ಲಾ ಊರಲ್ಲೂ ಅಷ್ಟೇ ಇರ್ತದೆ ಅಂದ್ಕಂಡಿದ್ದ. ಅಷ್ಟು ನೆಟ್ಟಗೆ ನಡ್ದು ಕುಂತ್ಕಬುಟ್ರೆ ಸಾಕು ಅಂತಿದ್ದ. ದಿನಾ ಬೆಳಗ್ಗೆ ಆಲೆಮನೆ ಹಿಂದ್ಕೆ ಬಂದು ನಡ್ದು ಕಲಿಯೋನು. ನಾನು ಕುರ್ಚೀಲಿ ಕುಂತು ಸೊಟ್ಟ ಓಯ್ತಾ, ನೆಟ್ಟಗೆ ಬಂತಾ ಅಂತ ಹೇಳ್ಬೇಕು. ಸೊಟ್ಟಗಾದ್ರೆ ನಿಂತು ಮತ್ತೆ ಬಾಗ್ಲಿಂದ ಶುರು. ಬೇವ್ರು ಕಿತ್ಕಂಡು ಬರೋದು. ಬ್ಯಾಡ ಕಣಪ್ಪ, ಈ ವಯಸ್ನಲ್ಲಿ ಬ್ಯಾಡ ಅಂತ ಎಷ್ಟು ಅಂದೆ!”

“ನನ್ನ ಮುಂದೆ ಯಾಕೆ ನಡೀತಿರಲಿಲ್ಲ?”

“ಕಲ್ತಾಗಲಿ ಅಂತಿದ್ದ. ಅರ್ಧ ಬೆಂದಿದ್ದ ತೋರುಸ್ಬಾರ್ದು ಅಂತ.”

ಸಾವಿನ ಸಲುವಾಗಿ ಒಲೆ ಹಚ್ಚಿರಲಿಲ್ಲ. ಕೊಪ್ಪರಿಗೆ ತಣ್ಣಗಿತ್ತು. ಚಿಕ್ಕಮಾದಯ್ಯ ಆಲೆಮನೆಯ ಹಿಂದಕ್ಕೆ ಕರೆದುಕೊಂಡು ಹೋಗಿ ತಾನು ಗೋಡೆಯ ಬದಿಯಲ್ಲೇ ಉಳಿದ.

ಅಂಗಳದ ತುಂಬ ಕಬ್ಬಿನ ಸಿಪ್ಪೆ ಒಣಗಲು ಹರಡಿತ್ತು. ನಡುವೆ ಒಂದು ಮಾರಗಲ ಗುಡಿಸಿ ನೆಲ ಬಿಡಿಸಿದ್ದರು. ಈ ತುದಿಗೆ ಬಾಗಿಲಿನ ಗುರುತಿಗೆ ಎರಡು ಗಳ ನೆಟ್ಟಿತ್ತು. ಆ ತುದಿಗೆ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ. ಮಧ್ಯೆ ಬಲಕ್ಕೊಂದು ಎಡಕ್ಕೊಂದರಂತೆ, ಹೆಜ್ಜೆ ಬೀಳಬೇಕಾದ ಕಡೆಯೆಲ್ಲ ಇಪ್ಪತ್ತೆರಡು ಸುಣ್ಣದ ಬೊಟ್ಟು ಇಟ್ಟಿತ್ತು.

ಗಳದ ಹತ್ತಿರದ ಬೊಟ್ಟುಗಳು ಎರಡು ಕಡೆಯೂ ಒಂದೇ ಸಮ ಸವೆದು ನೆಲದ ಬಣ್ಣಕ್ಕೆ ಬಂದಿದ್ದವು. ಅಲ್ಲಿಂದ ಮುಂದೆ ಎಡಗಡೆಯವು ಮಾತ್ರ ಒರೆಸಿದ ಹಾಗೆ ಉದ್ದಕ್ಕೆ ಎಳೆದುಕೊಂಡಿದ್ದವು. ಕುರ್ಚಿಯ ಹತ್ತಿರದ ಎಂಟು ಬೊಟ್ಟುಗಳು ಇಟ್ಟ ಹಾಗೇ ಗುಂಡಗೆ, ಬೆಳ್ಳಗೆ ಇದ್ದವು.